ಪದ್ಯ ಬರೆದರೆ ಕಡಲೇಕಾಯಿ ಬೆಳೆಯುತ್ತದೆಯೇ?

ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದ ಅಂತ ಕನ್ನಡದಲ್ಲೊಂದು ಗಾದೆ. ಇದೇ ಅರ್ಥಕ್ಕೆ ತೆಲುಗಿನಲ್ಲಿ, ಕೆಲಸವಿಲ್ಲದ ಕ್ಷೌರಿಕ ಬೆಕ್ಕಿನ ತಲೆ ಬೋಳಿಸಿದ ಅನ್ನುತ್ತಾರೆ. ಮಡಕಶಿರಾ ಸೀಮೆಯವರಾದ ನಮಗೆ ಎರಡೂ ಬಾಯಿಪಾಠ. ಯಾರಾದರೂ ಹಾರ್ಮೋನಿಯಂ ಮುಂದೆ ಕೂತರೆ ಒಂದನ್ನು ಎಸೆಯುತ್ತೇವೆ, ಪುಸ್ತಕ ಹಿಡಿದು ಹುಣಸೇಮರದ ಕೆಳಗೆ ಕೂತರೆ ಇನ್ನೊಂದನ್ನು. ಓದುಗರು ಒಂದು ವಿಷಯ ಗಮನಿಸಬೇಕು. ಎರಡು ಗಾದೆಯೂ ಹುಟ್ಟಿರುವುದು ಕೈಯಲ್ಲಿ ಕಸುಬು ಇರುವವರ ಮೇಲೆ. ಬೆಳಗಿನಿಂದ ಬೈಗಿನ ತನಕ ಅರಳಿಕಟ್ಟೆ ಮೇಲೆ ಇಸ್ಪೀಟು ಒಗೆಯುವವನ ಮೇಲೆ ಇಷ್ಟು ಚೂಪಾದ ಗಾದೆಯನ್ನು ನಾನಂತೂ ಎರಡು ಭಾಷೆಯಲ್ಲೂ ಕೇಳಿಲ್ಲ.

ಇನ್ನೂ ಒಂದು ತಮಾಷೆ ಇದೆ. ಹವ್ಯಾಸ, ಅಭಿರುಚಿ ಎಂಬ ಮಾತುಗಳು ಇರುವುದು ಪುಸ್ತಕದಲ್ಲಿ. ಊರಲ್ಲಿ ನಾವು ಅನ್ನುವುದು ‘ಅವನಿಗೆ ನಾಟಕದ ಹುಚ್ಚು’, ‘ಇವನಿಗೆ ಪಾರಿವಾಳದ ಹುಚ್ಚು’. ತೆಲುಗಿನವರೂ ಅಷ್ಟೇ, ‘ನಾಟಕಾಲ ಪಿಚ್ಚಿ’. ಅವರ ಪಾಲು ನಮಗೆ ಹಾಲಾದ ಹಾಗೆ ಅವರ ಪಿಚ್ಚಿ ನಮಗೆ ಹುಚ್ಚು. ಗಡಿ ದಾಟಿದರೂ ಕಾಯಿಲೆಯ ಹೆಸರು ಬದಲಾಗಲಿಲ್ಲ.

ನಾನು ಎಸ್ಸೆಸ್ಸೆಲ್ಸಿ ತನಕ ಓದಿದ ರೈತ. ಮಳೆ ನಂಬಿದ ಹೊಲ ಒಂದಷ್ಟು, ಬೋರಿನ ಕೆಳಗೆ ಹಿಪ್ಪುನೇರಳೆ ಒಂದಷ್ಟು. ಮೂವತ್ತು ವರ್ಷದ ಮೇಲಾಯಿತು, ಕನ್ನಡದಲ್ಲೂ ತೆಲುಗಿನಲ್ಲೂ ಪದ್ಯ ಬರೆಯುತ್ತಾ ಬಂದಿದ್ದೇನೆ. ಹಿಂದೂಪುರದ ಮಂಡಿಗೆ ಹೋದರೆ ಪರಿಚಯದ ದಲ್ಲಾಳಿಗಳು ಮೊದಲು ಕೇಳುವುದು ಇದನ್ನೇ: ‘ಏಮಪ್ಪಾ, ಇಂಕಾ ಪದ್ಯಾಲು ರಾಸ್ತಾನೇ ಉಂಡಾವಾ? ದಾಂತೋ ಏಮೊಸ್ತಾದಿ?’ ಊರಿಗೆ ಬಂದರೆ ಅದೇ ಮಾತು ಕನ್ನಡದಲ್ಲಿ: ‘ಅಲ್ಲ ಕಣಣ್ಣಾ, ಪದ್ಯ ಬರದ್ರೆ ಕಡ್ಲೇಕಾಯಿ ಬೆಳೀತೈತಾ?’ ಇದರಲ್ಲಿ ದ್ವೇಷವಿಲ್ಲ. ಕೇಳುವವರು ನನಗೆ ಬೇಕಾದವರೇ, ಕಷ್ಟಕ್ಕೆ ಆಗುವವರೇ. ಆದರೂ ಈ ಪ್ರಶ್ನೆ ಎಲ್ಲಿಂದ ಬರುತ್ತದೆ ಎಂದು ನಾನು ಬಹಳ ಕಾಲ ಯೋಚಿಸಿದ್ದೇನೆ. ಕಾಲ ದಂಡವಾಗುತ್ತದೆ ಎನ್ನುವ ಚಿಂತೆಯಿಂದ ಬರುವುದಲ್ಲ ಎಂಬುದು ನನಗೆ ಖಚಿತ.

ಯಾಕೆಂದರೆ ನಮ್ಮ ಸೀಮೆಯಲ್ಲಿ ಕಮ್ಮಿ ಇರುವುದು ನೀರು, ಕಾಲ ಅಲ್ಲ. ಹಳೆಯ ಅನಂತಪುರ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 550 ಮಿಲಿಮೀಟರ್ ಆಸುಪಾಸು. 2022ರಲ್ಲಿ ನಮ್ಮನ್ನು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿಸಿದರು. ಜಿಲ್ಲೆ ಬದಲಾಯಿತು, ಮೋಡ ಬದಲಾಗಲಿಲ್ಲ. ಜೂನ್, ಜುಲೈನಲ್ಲಿ ಹದ ಬಿದ್ದರೆ ಕಡಲೇಕಾಯಿ ಬಿತ್ತುತ್ತೇವೆ. ನೂರಹತ್ತು, ನೂರಿಪ್ಪತ್ತು ದಿನದ ಬೆಳೆ. ಕಿತ್ತು, ಬಿಡಿಸಿ, ಒಣಗಿಸಿ ಮೂಟೆ ಕಟ್ಟಿದ ಮೇಲೆ ಮಳೆ ನಂಬಿದ ಹೊಲದವನಿಗೆ ಮುಂದಿನ ಹದದ ತನಕ ಏನು ಕೆಲಸ? ದನ ಕರು, ಒಂದಿಷ್ಟು ಕೂಲಿ, ಮದುವೆ, ಜಾತ್ರೆ. ಉಳಿದದ್ದು ಕಾಯುವುದು. ಇಂಥ ಕಡೆ ಒಬ್ಬ ಸಾಯಂಕಾಲ ಒಂದೂವರೆ ಗಂಟೆ ತಬಲ ಬಾರಿಸಿದರೆ ಯಾವ ಬೆಳೆ ಒಣಗುತ್ತದೆ?

ಕಟ್ಟೆಯ ಮೇಲೆ ಕೂತು ನೋಡಿದರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹತ್ತು ಜನ ಸಾಲಾಗಿ ಕೂತಿರುತ್ತಾರೆ, ಹತ್ತು ಫೋನು. ಹೆಬ್ಬೆರಳು ಮೇಲಕ್ಕೆ ಹೋಗುತ್ತಾ ಇರುತ್ತದೆ, ವಿಡಿಯೊ ಒಂದಾದ ಮೇಲೆ ಒಂದು. ಎರಡು ಗಂಟೆಯಾದರೂ ಯಾರೂ ಯಾರಿಗೂ ‘ಹೊತ್ತು ಹಾಳು ಮಾಡ್ತೀಯಲ್ಲೋ’ ಅನ್ನುವುದಿಲ್ಲ. ಎಲ್ಲರೂ ಕೂಡಿ ಕಳೆದ ಹೊತ್ತು ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿಂದ ಒಬ್ಬ ಎದ್ದು, ‘ನಂಗೆ ಸ್ವಲ್ಪ ಅಭ್ಯಾಸ ಐತೆ’ ಅಂತ ಮನೆ ಕಡೆ ಹೊರಟರೆ ಮಾತ್ರ ಎಲ್ಲರಿಗೂ ಒಮ್ಮೆಲೇ ಕಾಲದ ಬೆಲೆ ನೆನಪಾಗುತ್ತದೆ!

ಹಾಗಾದರೆ ನಮ್ಮ ಹಿರಿಯರು ಹಾಡು, ಕುಣಿತ, ಪದ ಯಾವುದನ್ನೂ ಸಹಿಸುತ್ತಿರಲಿಲ್ಲವೇ? ಸಹಿಸುವುದೇನು, ಅವರ ಬದುಕೇ ಅದರಲ್ಲಿ ಮುಳುಗಿತ್ತು. ನಾನು ಹುಡುಗನಾಗಿದ್ದಾಗ ಕಪಿಲೆ ಬಾವಿಗಳು ಅಲ್ಲೊಂದು ಇಲ್ಲೊಂದು ಇನ್ನೂ ಉಳಿದಿದ್ದವು. ಜೋಡೆತ್ತು ಹಿಂದಕ್ಕೆ ಸರಿದರೆ ಚರ್ಮದ ಬಾನಿ ಬಾವಿಗೆ ಇಳಿಯುವುದು, ಮುಂದಕ್ಕೆ ಇಳಿಜಾರಿನಲ್ಲಿ ಎಳೆದರೆ ನೀರು ತುಂಬಿಕೊಂಡು ಮೇಲೆ ಬಂದು ಕಾಲುವೆಗೆ ಸುರಿಯುವುದು. ಎತ್ತಿನ ಹಿಂದೆ ನಿಂತವನು ನಸುಕಿನಿಂದ ಬಿಸಿಲೇರುವ ತನಕ ಹಾಡುತ್ತಲೇ ಇರುತ್ತಿದ್ದ. ಈ ಹೊಲದಲ್ಲಿ ಕನ್ನಡ ಪದ, ಆ ಹೊಲದಲ್ಲಿ ತೆಲುಗು ಪದ. ಕೆಲವರು ಒಂದೇ ರಾಗಕ್ಕೆ ಎರಡು ಭಾಷೆಯನ್ನೂ ಹೂಡುತ್ತಿದ್ದರು, ಒಂಟೆತ್ತು ಸತ್ತವನು ಪಕ್ಕದವನ ಎತ್ತು ತಂದು ಜೋಡಿ ಕಟ್ಟಿದ ಹಾಗೆ. ಆ ಹಾಡಿಗೂ ನೀರಿಗೂ ಏನು ಸಂಬಂಧ? ಹಾಡದಿದ್ದರೂ ಬಾನಿಯಲ್ಲಿ ನೀರು ಬರುತ್ತಿತ್ತು. ಹಾಡಿದ್ದಕ್ಕೆ ಅವನಿಗೆ ಯಾರೂ ಹೆಚ್ಚಿಗೆ ಒಂದು ಸೇರು ರಾಗಿ ಅಳೆದು ಕೊಡಲಿಲ್ಲ. ಆದರೂ ಅವನನ್ನು ‘ಕೆಲಸವಿಲ್ಲದವನು’ ಅನ್ನಲಿಲ್ಲ. ಕೈಯಲ್ಲಿ ಹಗ್ಗ ಇತ್ತಲ್ಲ!

ಮನೆಯೊಳಗೂ ಹಾಗೆಯೇ. ನಮ್ಮ ತಾಯಿಯ ಕಾಲದ ಹೆಂಗಸರು ಕೋಳಿ ಕೂಗುವ ಹೊತ್ತಿಗೆ ಎದ್ದು ಬೀಸುವ ಕಲ್ಲಿನ ಮುಂದೆ ಕೂರುತ್ತಿದ್ದರು. ಎದುರುಬದುರು ಇಬ್ಬರು, ಗೂಟಕ್ಕೆ ನಾಲ್ಕು ಕೈ. ತವರಿನ ಮೇಲೆ, ಮಾದೇವನ ಮೇಲೆ, ಅತ್ತೆಯ ಮೇಲೆ ಪದ ಕಟ್ಟಿ ಹಾಡುತ್ತಿದ್ದರು. ಅತ್ತೆ ಅಲ್ಲೇ ಪಕ್ಕದಲ್ಲಿ ಮಲಗಿದ್ದರೂ ಏನೂ ಅನ್ನುವ ಹಾಗಿರಲಿಲ್ಲ, ಹಿಟ್ಟು ಬೀಳುತ್ತಾ ಇದೆಯಲ್ಲ. ಆಮೇಲೆ ಊರಿಗೆ ಹಿಟ್ಟಿನ ಮಿಲ್ಲು ಬಂತು. ಬರಬೇಕಾದದ್ದೇ. ಹೆಂಗಸರ ರಟ್ಟೆ ಉಳಿಯಿತು, ಅದಕ್ಕೆ ನಾನು ಮಿಲ್ಲಿನವನಿಗೆ ಕೈ ಮುಗಿಯುತ್ತೇನೆ. ಆದರೆ ಕಲ್ಲು ಮೂಲೆ ಸೇರಿದ ದಿನ ಪದಕ್ಕೆ ಕೂರುವ ಜಾಗ ಹೋಯಿತು. ಈಗ ಅದೇ ಮನೆಯಲ್ಲಿ ಒಬ್ಬ ಸೊಸೆ ಸುಮ್ಮನೆ ಕೂತು ಒಂದು ಪದ ಹೇಳಿಕೊಂಡರೆ ಅತ್ತೆಗೂ ಗಂಡನಿಗೂ ಬಾಯಿಗೆ ಬರುವ ಮೊದಲ ಮಾತು, ‘ಕೆಲ್ಸ ಇಲ್ವೇನಮ್ಮಾ?’

ನನಗೆ ಕಾಣುವ ಮಟ್ಟಿಗೆ ವಿಷಯದ ಬೇರು ಇಲ್ಲೇ ಇದೆ. ನಮ್ಮ ಜನ ಹಾಡನ್ನು ಎಂದೂ ಬೈದವರಲ್ಲ. ಹಾಡು ಕೆಲಸದ ಮರೆಯಲ್ಲಿ ಇರುತ್ತಿತ್ತು, ಆದ್ದರಿಂದ ಅದಕ್ಕೆ ಎಷ್ಟು ಹೊತ್ತು ಹೋಯಿತು ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಪಂಪ್‌ಸೆಟ್ಟು, ಮಿಲ್ಲು, ಟ್ರ್ಯಾಕ್ಟರು ಬಂದು ಕೆಲಸವನ್ನು ಎತ್ತಿಕೊಂಡು ಹೋದವು. ಮರೆ ಹೋಯಿತು, ಹಾಡು ಬಯಲಲ್ಲಿ ಬೆತ್ತಲೆ ನಿಂತಿತು. ಆಗ ಕಣ್ಣಿಗೆ ಬಿತ್ತು, ಆಗ ಬೈಗುಳವೂ ಬಿತ್ತು.

ನಾನೂ ಎಷ್ಟೋ ವರ್ಷ ಅದೇ ಮರೆಯಲ್ಲಿ ಬರೆದವನು. ಮೂರು ಫೇಸ್ ಕರೆಂಟು ರಾತ್ರಿ ಹೊತ್ತು ಬರುತ್ತಿದ್ದ ಕಾಲ ರೈತರಿಗೆಲ್ಲ ನೆನಪಿರುತ್ತದೆ. ಹನ್ನೆರಡಕ್ಕೆ ಬರುತ್ತದೋ ಎರಡಕ್ಕೆ ಬರುತ್ತದೋ ಹೇಳುವವರಿಲ್ಲ. ಪಂಪಿನ ಗುಡಿಸಲಲ್ಲಿ ಟಾರ್ಚು ಇಟ್ಟುಕೊಂಡು, ಹಾವಿಗೊಂದು ಕೋಲು ಇಟ್ಟುಕೊಂಡು ಕಾಯಬೇಕು. ಪಕ್ಕದ ಹೊಲದವರು ಗೋಣಿ ಹೊದ್ದು ಮಲಗುತ್ತಿದ್ದರು, ನಾನು ಮಗಳ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಯಲ್ಲಿ ಬರೆಯುತ್ತಿದ್ದೆ. ನನ್ನ ಪದ್ಯಗಳಲ್ಲಿ ಅರ್ಧಕ್ಕೆ ನಿಂತವು ಬಹಳ ಇವೆ. ಕರೆಂಟು ಬಂತು ಅಂತ ಎದ್ದು ಹೋದವು ಅವು. ಆ ಕಾಲದಲ್ಲಿ ನನಗೆ ಯಾರೂ ಏನೂ ಅನ್ನಲಿಲ್ಲ, ‘ಪಾಪ, ನೀರು ಕಟ್ಟಾಕೆ ನಿದ್ದೆಗೆಡ್ತಾನೆ’ ಅಂದರು. ಆಮೇಲೆ ಆಟೊ ಸ್ಟಾರ್ಟರು ಬಂತು, ಕರೆಂಟು ಬಹುಪಾಲು ಹಗಲಿಗೆ ಬಂತು. ನಾನು ಮನೆಯ ಪಡಸಾಲೆಯಲ್ಲಿ ದೀಪದ ಕೆಳಗೆ ಕೂತು ಬರೆಯತೊಡಗಿದೆ. ಅಂದಿನಿಂದ ಶುರುವಾಯಿತು ಕಡಲೇಕಾಯಿ ಪ್ರಶ್ನೆ.

ಮರೆ ಬೇಕು ಎನ್ನುವುದು ಜಾಣರಿಗೆಲ್ಲ ಗೊತ್ತು. ನನಗೆ ತಿಳಿದ ಒಬ್ಬ ಹುಣಸೇಹಣ್ಣಿನ ವ್ಯಾಪಾರಿ ಹಳೇ ನಾಣ್ಯ ಕೂಡಿಡುತ್ತಾರೆ. ಕಾಸು, ದುಡ್ಡು, ಆರ್ಕಾಟಿನ ರೂಪಾಯಿ. ಹಳ್ಳಿಯವರು ಅಟ್ಟ ಗುಡಿಸಿದಾಗ ಸಿಕ್ಕಿದ್ದನ್ನು ತಂದು ತೋರಿಸುತ್ತಾರೆ. ಮಧ್ಯಾಹ್ನ ಗಿರಾಕಿ ಕಮ್ಮಿ ಇರುವಾಗ ಅವರು ಕನ್ನಡಕ ಏರಿಸಿಕೊಂಡು ಒಂದೊಂದನ್ನೂ ತಿರುಗಿಸಿ ನೋಡುವ ಚೆಂದ ನೋಡಬೇಕು. ಯಾರಾದರೂ ‘ಸೇಟೂ, ಇದೆಲ್ಲ ಯಾಕೆ?’ ಅಂದರೆ, ‘ಮುಂದಕ್ಕೆ ಒಳ್ಳೇ ರೇಟು ಬರ್ತೈತಪ್ಪಾ’ ಅನ್ನುತ್ತಾರೆ. ಕೇಳಿದವನು ತಲೆ ಆಡಿಸಿ ಸುಮ್ಮನಾಗುತ್ತಾನೆ. ಆ ಪುಣ್ಯಾತ್ಮ ಸಾಯುವ ತನಕ ಒಂದನ್ನೂ ಮಾರುವುದಿಲ್ಲ ಅಂತ ನನಗೆ ಗೊತ್ತು, ಅವರಿಗೂ ಗೊತ್ತು. ವ್ಯಾಪಾರದ ಮರೆ ಅದು. ನಮ್ಮೂರ ಹುಡುಗನೊಬ್ಬ ಕೆರೆ ಏರಿ ಮೇಲೆ ಹಕ್ಕಿ ಫೋಟೊ ತೆಗೆಯುತ್ತಾ ನಿಂತಿರುತ್ತಾನೆ. ಅವನು ಕಂಡುಕೊಂಡ ಮರೆ ಯೂಟ್ಯೂಬ್ ಚಾನೆಲ್. ದುಡ್ಡು ಬಂದರೂ ಬರಬಹುದು ಎಂಬ ಒಂದು ಮಾತು ಸಾಕು, ಅಪ್ಪನಿಗೆ ಸಮಾಧಾನ.

ಇಲ್ಲಿ ಒಂದು ನ್ಯಾಯದ ಮಾತನ್ನೂ ಹೇಳಬೇಕು. ಕಾಲ ಹಾಳು ಅನ್ನುವ ಎಲ್ಲರ ಬಾಯನ್ನೂ ಮುಚ್ಚಿಸಲು ನಾನು ಹೊರಟಿಲ್ಲ. ನಮ್ಮ ಕಡೆ ಕುರುಕ್ಷೇತ್ರ ನಾಟಕ ಆಡುವುದನ್ನು ನೋಡಿದವರಿಗೆ ಗೊತ್ತು. ಹಾರ್ಮೋನಿಯಂ ಮೇಷ್ಟ್ರನ್ನು ಕರೆತಂದು ಎರಡು ಮೂರು ತಿಂಗಳು ರಾತ್ರಿಯೆಲ್ಲಾ ತಾಲೀಮು. ಮೇಷ್ಟ್ರ ಸಂಬಳ, ಸೀನರಿ, ಡ್ರೆಸ್ಸು, ಮೈಕು, ಸ್ತ್ರೀ ಪಾತ್ರಕ್ಕೆ ಬರುವ ಕಲಾವಿದೆಯರ ಖರ್ಚು, ಎಲ್ಲವನ್ನೂ ಪಾತ್ರಧಾರಿಗಳೇ ಹಂಚಿಕೊಳ್ಳಬೇಕು. ಪಾತ್ರ ದೊಡ್ಡದಾದಷ್ಟೂ ಪಾಲು ದೊಡ್ಡದು. ದುರ್ಯೋಧನ ಆಗಬೇಕೆಂದರೆ ಗಂಟಲೂ ಗಟ್ಟಿ ಇರಬೇಕು, ಗಂಟೂ ಗಟ್ಟಿ ಇರಬೇಕು. ಕಂದ ಹಾಡಿ ‘ಒನ್ಸ್ ಮೋರ್’ ಅನ್ನಿಸಿಕೊಂಡ ರಾತ್ರಿ ಆ ರೈತ ನಿಜಕ್ಕೂ ಹಸ್ತಿನಾವತಿಯ ದೊರೆ. ಬೆಳಿಗ್ಗೆ ಮುಖದ ಬಣ್ಣ ತೊಳೆಯುವ ಮೊದಲೇ ಕೊಟ್ಟಿಗೆಯಲ್ಲಿ ಎಮ್ಮೆ ಕೂಗುತ್ತಿರುತ್ತದೆ. ಅದನ್ನು ಕರೆಯುವವರು ಯಾರು? ಮೂರು ತಿಂಗಳಿಂದ ಕರೆಯುತ್ತಾ ಬಂದವರು ಯಾರು? ಕಿರೀಟಕ್ಕೆಂದು ಮಾರಿದ ಟಗರು ಯಾರ ಮದುವೆಯಲ್ಲಿ ತವರಿನವರು ಕೊಟ್ಟ ಕುರಿಯ ಮರಿ? ಆ ಹೆಂಗಸು ‘ನಿಮ್ಮ ನಾಟಕ ಸಾಕು’ ಅಂದರೆ ಅದು ತಾತ್ಸಾರ ಅಲ್ಲ, ಬಾಕಿ ವಸೂಲಿ. ಆಕೆಗೆ ಹೇಳುವ ಹಕ್ಕಿದೆ. ನನ್ನ ಹೊತ್ತಿಗೆ ಯಾರು ತಮ್ಮ ಹೊತ್ತು ಕೊಟ್ಟು ತುಂಬುತ್ತಾರೋ ಅವರು ಕೇಳಬಹುದು.

ಪಕ್ಕದ ಮನೆಯವನು ಯಾಕೆ ಕೇಳುತ್ತಾನೆ? ಅವನ ಗಂಟೇನೂ ಹೋಗಿಲ್ಲ. ಅವನ ಎಮ್ಮೆ ಅವನ ಮನೆಯಲ್ಲೇ ಇದೆ. ನಾನು ನೋಡಿದ ಹಾಗೆ ಅವನ ಸಂಕಟ ಬೇರೆ. ನಲವತ್ತು ದಾಟಿದ ಒಬ್ಬ ರೈತ ದಿನಾ ಸಂಜೆ ಸ, ರಿ, ಗ ಅಂತ ಬೆರಳು ಆಡಿಸುತ್ತಾ ಕೂತರೆ ಇಡೀ ಬೀದಿಗೆ ಒಂದು ಸುದ್ದಿ ಹರಡಿದ ಹಾಗೆ: ಇವನಿಗೆ ಹೊತ್ತು ಸಿಕ್ಕಿದೆ. ಇವನಿಗೆ ಸಿಕ್ಕಿತ್ತು ಅಂದರೆ ನನಗೂ ಸಿಗುತ್ತಿತ್ತು ಎಂದು ಲೆಕ್ಕ ಬರುತ್ತದೆ. ಆ ಲೆಕ್ಕ ಯಾರಿಗೂ ಬೇಡ. ಚಿಕ್ಕಂದಿನಲ್ಲಿ ಕೊಳಲು ಊದುತ್ತಿದ್ದು, ಆಮೇಲೆ ಸಂಸಾರ ಅಂತ ಬಿಟ್ಟವನು ಇನ್ನೊಬ್ಬನ ಹಾರ್ಮೋನಿಯಂ ಮೇಲೆ ಎಲ್ಲರಿಗಿಂತ ಜೋರಾಗಿ ಹರಿಹಾಯುವುದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಹಾಗೇ ಇನ್ನೊಂದು ಸಣ್ಣ ಕಾರಣವೂ ಇದೆ, ಮರೆಮಾಚುವುದು ಬೇಡ. ಕಲಿಯುವವನ ಮೊದಲ ಎರಡು ವರ್ಷದ ಹಾರ್ಮೋನಿಯಂ ಕಿವಿಗೆ ನಿಜವಾಗಿಯೂ ಶಿಕ್ಷೆ.

ನಮ್ಮ ಅಪ್ಪನ ಮಾತು ಮತ್ತೊಂದು ಬಗೆ. ‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವ’ ಅನ್ನುತ್ತಿದ್ದರು. ಅದು ಭಯದ ಮಾತು. ಒಂದು ವರ್ಷ ಬೆಳೆದು ಮೂರು ವರ್ಷ ಸಾಲ ತೀರಿಸುವ ಸೀಮೆಯಲ್ಲಿ ಮಗ ಕಾಗದ ಹಿಡಿದು ಕೂತರೆ ತಂದೆಯ ಎದೆ ಹಾರುವುದು ಸಹಜ. ಆ ಭಯಕ್ಕೆ ನನ್ನ ನಮಸ್ಕಾರ. ಆದರೆ ಲೆಕ್ಕ ತಪ್ಪು. ನಾನು ಒಂದು ಸಾಲೂ ಬರೆಯದ ವರ್ಷಗಳೂ ಇದ್ದವು, ಆ ವರ್ಷಗಳಲ್ಲೂ ಮಳೆ ಬರಲಿಲ್ಲ.

ಇಂಥ ಚರ್ಚೆಯಲ್ಲಿ ನನ್ನ ಪರವಾಗಿ ಮಾತಾಡುವ ವಿದ್ಯಾವಂತ ಗೆಳೆಯರು ಕೂಡಲೇ ದೊಡ್ಡ ಹೆಸರುಗಳನ್ನು ತರುತ್ತಾರೆ. ಬಳ್ಳಾರಿ ರಾಘವರು (1880–1946) ತಾಡಿಪತ್ರಿಯಲ್ಲಿ ಹುಟ್ಟಿದವರು, ಬಳ್ಳಾರಿಯಲ್ಲಿ ವಕೀಲರು. ಕೋರ್ಟಿನ ಕೋಟು ಕಳಚಿ ಬಣ್ಣ ಹಚ್ಚಿಕೊಂಡು ತೆಲುಗು, ಕನ್ನಡ, ಇಂಗ್ಲಿಷಿನಲ್ಲಿ ನಟಿಸಿದರು. ಅವರಿಗಿಂತ ಮುಂಚೆ ಅದೇ ಊರಲ್ಲಿ ನಾಟಕ ಬರೆದ ಧರ್ಮವರಂ ರಾಮಕೃಷ್ಣಮಾಚಾರ್ಯರೂ ಕೋಲಾಚಲಂ ಶ್ರೀನಿವಾಸರಾಯರೂ ವಕೀಲರೇ. ವಿಜಯಪುರದ ಫ.ಗು.ಹಳಕಟ್ಟಿಯವರೂ ವಕೀಲರು, ವಚನದ ತಾಳೆಗರಿ ಹುಡುಕುತ್ತಾ ಮನೆ ಮನೆ ತಿರುಗಿದರು, 1923ರಲ್ಲಿ ‘ವಚನಶಾಸ್ತ್ರಸಾರ’ ತಂದರು, ಸ್ವಂತ ಮನೆ ಮಾರಿ 1925ರಲ್ಲಿ ಮುದ್ರಣಾಲಯ ಹಾಕಿದರು. ಕಂಪನಿ ಸರ್ಕಾರದ ಅಧಿಕಾರಿ ಸಿ.ಪಿ.ಬ್ರೌನ್ ಕೈಯಿಂದ ಖರ್ಚು ಮಾಡಿ ವೇಮನನ ಪದ್ಯ ಕೂಡಿಸಿ 1829ರಲ್ಲಿ ಅಚ್ಚು ಹಾಕಿಸಿದ. ‘ಇವರೂ ಕಾಲ ಹಾಳು ಮಾಡಿದವರೇ?’ ಅಂತ ಗೆಳೆಯರು ಕೇಳುತ್ತಾರೆ.

ಕೇಳಲು ಚೆನ್ನ. ಆದರೆ ಹೆಸರಾದವರನ್ನು ಮುಂದಿಟ್ಟು ವಾದ ಮಾಡುವುದು, ಲಾಟರಿ ಹೊಡೆದವನ ಫೋಟೊ ತೋರಿಸಿ ಟಿಕೆಟ್ಟು ಮಾರಿದ ಹಾಗೆ. ನೂರು ಜನ ಹಾರ್ಮೋನಿಯಂ ಹಿಡಿದರೆ ತೊಂಬತ್ತೊಂಬತ್ತು ಜನ ರಾಘವರಾಗುವುದಿಲ್ಲ. ನನ್ನ ಎರಡು ಟ್ರಂಕಿನ ಕಾಗದಕ್ಕೆ ಬ್ರೌನ್ ದೊರೆ ಬರುವುದಿಲ್ಲ, ಗೆದ್ದಲು ಬರಬಹುದು. ಹಾಗಾದರೆ ಅದು ದಂಡವೇ? ನಾನು ಯೋಚಿಸುವುದು ಬ್ರೌನ್ ಬಗ್ಗೆ ಅಲ್ಲ. ಬ್ರೌನ್ ಹುಡುಕಿ ಹೊರಟಾಗ ಊರೂರಲ್ಲಿ ವೇಮನನ ಪದ್ಯ ಸಿಕ್ಕಿತಲ್ಲ, ಅದನ್ನು ಬಾಯಲ್ಲಿ ಇಟ್ಟುಕೊಂಡವರು ಯಾರು, ಗರಿಯ ಮೇಲೆ ಕಂಠದಿಂದ ಕೊರೆದು ಮಸಿ ಹಚ್ಚಿದವರು ಯಾರು? ಹಳಕಟ್ಟಿಯವರು ಬಾಗಿಲು ತಟ್ಟಿದ ಮನೆಗಳಲ್ಲಿ ಅಜ್ಜನ ಕಾಲದಿಂದ ಕಟ್ಟು ಕಟ್ಟಿ, ಹುಳ ಬೀಳದ ಹಾಗೆ ಕಾದಿಟ್ಟವರು ಯಾರು? ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ. ಬಿತ್ತನೆ ಹದ ಬಿಟ್ಟು ಗರಿ ಕೊರೆಯುತ್ತಾ ಕೂತಿದ್ದಾನೆ ಅಂತ ಅವರಲ್ಲಿ ಒಬ್ಬನಾದರೂ ಬೈಸಿಕೊಂಡೇ ಇರುತ್ತಾನೆ, ಅದರಲ್ಲಿ ನನಗೆ ಅನುಮಾನವಿಲ್ಲ.

ಎರಡು ಭಾಷೆಯಲ್ಲಿ ಬರೆಯುವವನಿಗೆ ಇನ್ನೊಂದು ಪಾಲು ಹೆಚ್ಚಿಗೆ. ‘ಇಲ್ಲಿ ಕನ್ನಡ ಓದೋರು ಎಷ್ಟು ಜನ ಅವ್ರೆ?’ ಅಂತ ಈ ಕಡೆ, ‘ಕನ್ನಡದವನಿಗೆ ತೆಲುಗು ಪದ್ಯ ಯಾಕೆ?’ ಅಂತ ಆ ಕಡೆ. ಮಕ್ಕಳು ಇಂಗ್ಲಿಷ್ ಮೀಡಿಯಂ ಬಸ್ಸು ಹತ್ತಿ ಹೋಗುತ್ತಿರುವ ಊರಲ್ಲಿ ಎರಡೂ ಕಡೆಯ ಪ್ರಶ್ನೆ ಬೇಗ ಒಂದೇ ಆಗುತ್ತದೆ ಅಂತ ಕಾಣುತ್ತದೆ.

ಇಷ್ಟೆಲ್ಲ ಬರೆದ ಮೇಲೆ ನಮ್ಮ ಮನೆಯ ಲೆಕ್ಕವನ್ನೂ ಕೇಳುತ್ತೀರಿ, ಹೇಳುತ್ತೇನೆ. ಸಂಜೆ ಡೇರಿಗೆ ಹಾಲು ಹಾಕಿ ಬರುವುದು ನನ್ನ ಪಾಲಿನ ಕೆಲಸ. ಆಮೇಲೆ ಏಳೂವರೆಯಿಂದ ಒಂಬತ್ತರ ತನಕ ಪಡಸಾಲೆ ನನ್ನದು, ಯಾರೂ ಕರೆಯುವ ಹಾಗಿಲ್ಲ. ಅದಕ್ಕೆ ಬದಲಾಗಿ ಶನಿವಾರ ಸಾಯಂಕಾಲ ಆಂಜನೇಯನ ಗುಡಿಯಲ್ಲಿ ಹೆಂಗಸರ ಭಜನೆ. ನಮ್ಮ ಮನೆಯವರು ತಾಳ ಹಿಡಿದು ಹೊರಟರೆ ಬರುವುದು ಹತ್ತಕ್ಕೆ, ಕೆಲವು ಸಲ ಹನ್ನೊಂದಕ್ಕೆ. ಬೀದಿಯವರು, ‘ಏನಕ್ಕಾ, ಅಣ್ಣನ ಕೈಲಿ ಅಡಿಗೆ ಮಾಡಿಸ್ತೀಯಂತೆ’ ಅಂತ ನಗುತ್ತಾರೆ. ಅವರು ತಿರುಗಿ, ‘ನಿಮ್ಮಣ್ಣ ಪದ್ಯ ಬರಿಯಾವಾಗ ನಾನು ಮಾಡಲ್ವಾ?’ ಅನ್ನುತ್ತಾರೆ. ಆ ದಿನದ ಮುದ್ದೆ ನಾನು ತಿರುವುತ್ತೇನೆ. ಸ್ವಲ್ಪ ಗಂಟು ಇರುತ್ತದೆ. ಸೊಪ್ಪಿನ ಸಾರು ಬಿಸಿ ಇದ್ದರೆ ನುಂಗಬಹುದು.